ಹಂಗಾಮಿ ರಕ್ತ

ನಮ್ಮ ಮನೆಯಲ್ಲಿ ಒಂದು ಪದವನ್ನು ಯಾರೂ ಬಾಯಿಬಿಟ್ಟು ಆಡುವುದಿಲ್ಲ. ಅದು ಬೈಗುಳವಲ್ಲ. ಕಚೇರಿಯ ಕಾಗದಗಳಲ್ಲಿ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಓಡಾಡುವ ಮರ್ಯಾದಸ್ಥ ಪದ: ಹಂಗಾಮಿ. ನಲ್ಲಿ ಸೋರಿದರೆ ಅದಕ್ಕೊಂದು ಬಟ್ಟೆ ಸುತ್ತಿ ನಾವು ‘ಸದ್ಯಕ್ಕೆ’ ಎನ್ನುತ್ತೇವೆ. ಕಿಟಕಿಯ ಗಾಜು ಒಡೆದರೆ ರಟ್ಟು ಅಂಟಿಸಿ ‘ಅಲ್ಲೀತನಕ’ ಎನ್ನುತ್ತೇವೆ. ಒಮ್ಮೆ ಅಮ್ಮ ಬಾಯಿತಪ್ಪಿ ‘ಹಂಗಾ’ ಎಂದವಳು ಅಲ್ಲೇ ಎಚ್ಚೆತ್ತು ‘ಹಂಗಾದ್ರೆ ಎಲ್ರೂ ಊಟಕ್ಕೆ ಏಳಿ’ ಎಂದು ಮುಗಿಸಿದ್ದಳು. ಆಗಿನ್ನೂ ಬೆಳಿಗ್ಗೆ ಹತ್ತು ಗಂಟೆ. ನಾವೆಲ್ಲ ಎದ್ದು ಹೋಗಿ ಊಟವನ್ನೂ ಮಾಡಿದೆವು.

ಕಾರಣ ನನ್ನ ಸೋದರಮಾವ. ಅವರು ಒಂದೇ ಶಾಲೆಯಲ್ಲಿ ಹತ್ತೊಂಬತ್ತು ವರ್ಷ ಹಂಗಾಮಿ ಮುಖ್ಯೋಪಾಧ್ಯಾಯರಾಗಿದ್ದರು. ಕಾಯಂ ಮುಖ್ಯೋಪಾಧ್ಯಾಯರು ಬರುವ ತನಕ ಚಾರ್ಜ್ ನೋಡಿಕೊಳ್ಳಿ ಎಂದು ಇಲಾಖೆ ಒಂದು ಕಾಗದ ಕಳಿಸಿತ್ತು. ಮಾವ ನೋಡಿಕೊಂಡರು. ಗಂಟೆ ಹೊಡೆಸಿದರು, ಸೋರುವ ಮಾಡು ಸರಿಮಾಡಿಸಿದರು, ಗಣಿತದ ಮೇಷ್ಟ್ರು ರಜೆ ಹಾಕಿದ ದಿನ ಗಣಿತವನ್ನೂ ಮಾಡಿದರು. ಕಾಯಂನವರು ಬಂದದ್ದು ಮಾವ ನಿವೃತ್ತರಾದ ಮಾರನೆಯ ದಿನ, ಹನ್ನೊಂದು ಗಂಟೆಗೆ. ಆ ಶಾಲೆಯ ಆಫೀಸಿನ ಗೋಡೆಯ ಮೇಲೆ ಒಂದು ಮರದ ಬೋರ್ಡು ಇದೆ. ಅದರಲ್ಲಿ ಈವರೆಗಿನ ಮುಖ್ಯೋಪಾಧ್ಯಾಯರ ಹೆಸರು, ಇಂಥ ವರ್ಷದಿಂದ ಇಂಥ ವರ್ಷದವರೆಗೆ ಎಂದು ಬಿಳಿ ಬಣ್ಣದಲ್ಲಿ ಬರೆದಿದೆ. ಹಂಗಾಮಿಗಳ ಹೆಸರನ್ನು ಬೋರ್ಡಿನಲ್ಲಿ ಬರೆಯುವ ಪದ್ಧತಿ ಇಲ್ಲ. ಹಾಗಾಗಿ ಎರಡು ಹೆಸರುಗಳ ನಡುವೆ ಹತ್ತೊಂಬತ್ತು ವರ್ಷ ಆ ಶಾಲೆ ತನ್ನಷ್ಟಕ್ಕೆ ತಾನೇ ನಡೆದಂತೆ ಕಾಣುತ್ತದೆ.

ನಾನು ಆ ಶಾಲೆಯಲ್ಲೇ ಓದಿದವಳು. ನನ್ನ ದನಿ ಎರಡನೆಯ ಬೆಂಚು ದಾಟುತ್ತಿರಲಿಲ್ಲವಾದ್ದರಿಂದ ಮಾವ ನನಗೆ ‘ಪಿಸು’ ಎಂದು ಹೆಸರಿಟ್ಟರು. ಪಿಸುಮಾತಿನ ಪಿಸು. ಬರೆಯುವುದನ್ನು ಮಾತ್ರ ಚೆನ್ನಾಗಿ ಕಲಿಸಿದರು. ಅವರು ತಪ್ಪು ಪದದ ಮೇಲೆ ಎಂದೂ ಗೀಟು ಎಳೆದವರಲ್ಲ, ಪದಕ್ಕೂ ಮಾನ ಇರುತ್ತದೆ ಎನ್ನುತ್ತಿದ್ದರು. ಕೆಂಪು ಪೆನ್ನಿನಿಂದ ಅದರ ಸುತ್ತ ಒಂದು ವೃತ್ತ ಹಾಕುತ್ತಿದ್ದರು. ಸುತ್ತು ಬಿದ್ದ ಪದ ಎಂದರೆ ಅಲ್ಲಿ ಇರಬಾರದ ಪದ. ಇವತ್ತಿಗೂ ನನ್ನ ಡೈರಿಯಲ್ಲಿ ನನ್ನದು ಅದೇ ಕ್ರಮ. ಈ ಸುತ್ತನ್ನು ದಯವಿಟ್ಟು ನೆನಪಿನಲ್ಲಿಡಿ, ಆದದ್ದೆಲ್ಲ ಆದದ್ದು ಇದರಿಂದಲೇ.

ಪದವಿ ಮುಗಿದ ಮೇಲೆ ನಾನು ಬಾಯಿ ತೆರೆಯಬೇಕಿಲ್ಲದ ಕೆಲಸ ಹುಡುಕಿದೆ. ಸಿಕ್ಕಿದ್ದು ದೊಡ್ಡ ಆಸ್ಪತ್ರೆಯೊಂದರಲ್ಲಿ. ರೋಗಿಗಳ ಕೈಗೆ ಕೊಡುವ ಮಾಹಿತಿ ಪತ್ರಗಳನ್ನು ಅವರಿಗೆ ತಿಳಿಯುವ ಹಾಗೆ ಬರೆಯುವುದು. ‘ಶಸ್ತ್ರಚಿಕಿತ್ಸಾಪೂರ್ವ ನಿರಾಹಾರ’ ಎಂದು ಇದ್ದದ್ದನ್ನು ‘ರಾತ್ರಿ ಹತ್ತರ ಮೇಲೆ ಏನೂ ತಿನ್ನಬೇಡಿ, ಚೂರು ಬಿಸ್ಕತ್ತೂ ಬೇಡ’ ಎಂದು ಮಾಡುವುದು. ನನ್ನ ಕೋಣೆ ಹಳೆಯ ಎಕ್ಸ್‌ರೇ ಇಡುವ ಉಗ್ರಾಣಕ್ಕೂ ಮೆಟ್ಟಿಲಿಗೂ ನಡುವೆ ಸಿಕ್ಕಿಕೊಂಡಿದೆ. ಕಿಟಕಿಯಾಚೆ ಒಣಹಾಕಿದ ನೂರಾರು ಬಿಳಿ ಹಾಸಿಗೆ ಬಟ್ಟೆಗಳು ಗಾಳಿಗೆ ಉಬ್ಬುತ್ತ ಇರುತ್ತವೆ. ಅಲ್ಲಿ ಕೂತರೆ ಹಡಗಿನಲ್ಲಿ ಹೊರಟ ಹಾಗಿರುತ್ತದೆ.

ಈ ವರ್ಷ ನನ್ನ ಮೇಜಿಗೆ ಬಂದ ಕೆಲಸ ಒಂದು ಕೆಂಪು ಪುಡಿಯದು. ರಕ್ತದ ವಿಭಾಗದ ಡಾಕ್ಟರಮ್ಮ ಅದನ್ನು ಸ್ವತಃ ತಂದು ತೋರಿಸಿದರು. ಅವರು ನಡೆಯುವುದೇ ಇಲ್ಲ, ಓಡುತ್ತಾರೆ. ಕೊರಳಿನ ಸ್ಟೆತಾಸ್ಕೋಪು ಅವರ ಹಿಂದೆ ಹಿಂದೆ ಬರುತ್ತಿರುತ್ತದೆ. ಅಂಗೈಯಗಲದ ಪೊಟ್ಟಣವನ್ನು ಶುದ್ಧಮಾಡಿದ ಉಪ್ಪುನೀರಿನ ಚೀಲಕ್ಕೆ ಸುರಿದು ಹತ್ತು ನಿಮಿಷ ಅಲ್ಲಾಡಿಸಿದರು. ನೀರು ಮೊದಲು ಗುಲಾಬಿಯಾಯಿತು, ಆಮೇಲೆ ಕೆಂಪಾಯಿತು, ಕೊನೆಗೆ ಕಪ್ಪುಗೆಂಪಾಗಿ ನಿಂತಿತು. ಅವಧಿ ಮೀರಿ ಚೆಲ್ಲಬೇಕಾದ ರಕ್ತದ ಚೀಲಗಳಿಂದ ಆಮ್ಲಜನಕ ಹೊರುವ ಅಂಶವನ್ನಷ್ಟೇ ತೆಗೆದು, ಅದಕ್ಕೊಂದು ತೆಳು ಹೊದಿಕೆ ಹೊದಿಸಿ ಮಾಡಿದ್ದು ಎಂದು ಅವರು ವಿವರಿಸಿದರು. ರಕ್ತದ ಗುಂಪು ಎಂದರೆ ಕೆಂಪು ಕಣದ ಮೈಮೇಲಿನ ಗುರುತು. ಇದರ ಮೈಮೇಲೆ ಗುರುತೇ ಇಲ್ಲ, ಆದ್ದರಿಂದ ಯಾರಿಗೂ ಇದು ಪರಕೀಯ ಅಲ್ಲ. ಫ್ರಿಜ್ಜು ಬೇಡ, ಕಪಾಟಿನಲ್ಲಿ ವರ್ಷಗಟ್ಟಲೆ ಇರುತ್ತದೆ. ದೇಹದೊಳಗೆ ಎರಡು ಮೂರು ದಿನ ಆಮ್ಲಜನಕ ಹೊತ್ತು, ಆಮೇಲೆ ತಾನಾಗಿ ಕರಗಿ ಹೋಗುತ್ತದೆ. ಅಷ್ಟರಲ್ಲಿ ನಮ್ಮ ಸ್ವಂತ ರಕ್ತ ಚೇತರಿಸಿಕೊಂಡರಾಯಿತು. ಇನ್ನೂ ಪರೀಕ್ಷೆಯ ಹಂತದಲ್ಲಿತ್ತು. ಬೇರೆ ರಕ್ತ ಹೊಂದದವರಿಗೆ, ಅವರು ಒಪ್ಪಿ ಸಹಿ ಹಾಕಿದರೆ ಮಾತ್ರ ಕೊಡಬಹುದಿತ್ತು.

ನಾನು ಬರೆದ ಪತ್ರಕ್ಕೆ ‘ಕೃತಕ ರಕ್ತ’ ಎಂದು ಹೆಸರಿಟ್ಟೆ. ಒಂಬತ್ತು ಜನರಿಗೆ ಕೊಟ್ಟರು, ಎಂಟು ಜನ ಒಲ್ಲೆ ಎಂದರು. ಒಬ್ಬ ಬಸ್ ಡ್ರೈವರು, ನನ್ನ ಗಾಡಿಗೇ ಇವತ್ತಿನವರೆಗೆ ಡೂಪ್ಲಿಕೇಟ್ ಪಾರ್ಟ್ ಹಾಕಿಸಿಲ್ಲ, ಇನ್ನು ಮೈಗೆ ಹಾಕಿಸ್ತೀನಾ ಎಂದನಂತೆ. ಹೊಲಿಗೆಯಾಕೆಯೊಬ್ಬಳು ಪತ್ರವನ್ನು ಬೆಳಕಿಗೆ ಹಿಡಿದು, ಇದು ಒಗೆದರೆ ಬಣ್ಣ ಬಿಡುತ್ತದೆಯೇ ಎಂದು ಕೇಳಿದಳಂತೆ. ಒಂಬತ್ತನೆಯವರು ಯೋಚಿಸಿ ಹೇಳುತ್ತೇನೆ ಎಂದು ಯೋಚಿಸಲು ಮನೆಗೆ ಹೋದವರು ಫೋನ್ ಎತ್ತುವುದನ್ನೇ ಬಿಟ್ಟರು.

ಹತ್ತನೆಯವರು ನನ್ನ ಮಾವ.

ಮಾವನ ಮೂತ್ರಪಿಂಡದ ಮೇಲೆ ಒಂದು ಗಡ್ಡೆ ಬೆಳೆಯುತ್ತಿತ್ತು. ಈಗ ತೆಗೆದರೆ ಸುಲಭ, ಈ ತಿಂಗಳು ದಾಟಿದರೆ ಕಷ್ಟ ಎಂದು ಸರ್ಜನ್ ಹೇಳಿದ್ದರು. ಆದರೆ ಅಲ್ಲಿ ಕೈಯಿಟ್ಟರೆ ರಕ್ತ ಹರಿಯುವುದು ಖಂಡಿತ, ಮಾವನಿಗೆ ರಕ್ತ ಹೊಂದಿಸುವುದು ಮಾತ್ರ ಯಾರಿಂದಲೂ ಆಗುತ್ತಿರಲಿಲ್ಲ. ಹರೆಯದಲ್ಲಿ ಶಾಲೆಯ ಗೋಡೆಯೊಂದು ಮೇಲೆ ಬಿದ್ದಾಗ ಅವರಿಗೆ ಇಪ್ಪತ್ತು ಚೀಲ ಕಂಡವರ ರಕ್ತ ಕೊಟ್ಟಿದ್ದರು. ಅಂದಿನಿಂದ ಅವರ ದೇಹ ಹೊಸ ರಕ್ತ ಕಂಡರೆ ಕಾಲುಕೆರೆದು ಜಗಳಕ್ಕೆ ನಿಲ್ಲುತ್ತದೆ. ಯಾವ ಚೀಲ ತಂದು ಪರೀಕ್ಷಿಸಿದರೂ ಎತ್ತು ಏರಿಗೆ, ಕೋಣ ನೀರಿಗೆ. ಮೂರು ಸಲ ಅವರನ್ನು ಖಾಲಿ ಹೊಟ್ಟೆಯಲ್ಲಿ ಮಲಗಿಸಿ, ಮೂರು ಸಲವೂ ರಕ್ತ ಸಿಗಲಿಲ್ಲವೆಂದು ಎಬ್ಬಿಸಿ ಕಳಿಸಿದ್ದರು. ಮೂರನೆಯ ಸಲ ಅತ್ತೆ ಮೆಟ್ಟಿಲಿಳಿಯುತ್ತ, ಇವರ ರಕ್ತವೂ ಇವರ ಹಾಗೇ, ಯಾರ ಜೊತೆಗೂ ಹೊಂದ್ಕೊಳ್ಳಲ್ಲ ಎಂದು ನಕ್ಕಳು. ನಗುತ್ತಿದ್ದಂತೆಯೇ ಕಣ್ಣು ಒರೆಸಿಕೊಂಡಳು.

ಹಾಗಾಗಿ ಪುಡಿ ಅವರಿಗಾಗಿಯೇ ಮಾಡಿದಂತಿತ್ತು. ಗುರುವಾರಕ್ಕೆ ಆಪರೇಷನ್ ಗೊತ್ತಾಯಿತು. ಬುಧವಾರ ಸಂಜೆಯೊಳಗೆ ಸಹಿ ಬೀಳಬೇಕು. ಮಾವ ನನ್ನ ಪತ್ರವನ್ನು ಎರಡು ಸಲ ಓದಿದರು, ಕನ್ನಡಕ ಒರೆಸಿ ಮೂರನೆಯ ಸಲ ಓದಿದರು.

“ಕೃತಕ ಹಲ್ಲು ಹಾಕಿಸಿ ಹನ್ನೊಂದು ವರ್ಷ ಆಯ್ತು ಪಿಸು,” ಎಂದರು. “ಇವತ್ತಿಗೂ ಅದು ನನ್ನ ಬಾಯಿಗೆ ನೆಂಟರ ಥರಾನೇ ಇದೆ. ರಾತ್ರಿ ಲೋಟದಲ್ಲಿ ಮಲಗುತ್ತೆ. ರಕ್ತಾನ ಎಲ್ಲಿ ತೆಗೆದಿಡ್ಲಿ?”

ಆಮೇಲೆ ಅತ್ತೆ, ಅಮ್ಮ, ಡಾಕ್ಟರಮ್ಮ ಸರದಿಯ ಮೇಲೆ ಹೋಗಿ ಹೇಳಿದರು. ಕೃತಕ ಹೂವು, ಕೃತಕ ನಗು, ಕೃತಕ ಕಾಲು, ಈ ಪದ ಇರುವ ಯಾವುದಾದರೂ ಒಂದು ಒಳ್ಳೆಯದನ್ನು ತೋರಿಸಿ, ಸಹಿ ಹಾಕುತ್ತೇನೆ ಎಂದು ಮಾವ ಪಟ್ಟುಹಿಡಿದರು. ಎಲ್ಲರೂ ಒಂದು ದಿನ ಯೋಚಿಸಿದೆವು. ಅಮ್ಮ ‘ಕೃತಕ ಕೆರೆ’ ಎಂದಳು. ಮಾವ ಮುಖ ತಿರುಗಿಸಿಕೊಂಡರು.

ಅಂದರೆ ಅಡ್ಡಬಂದದ್ದು ಪುಡಿಯಲ್ಲ, ನಾನು ಇಟ್ಟ ಹೆಸರು. ಇದು ತಲೆಗೆ ಹೊಕ್ಕ ಮೇಲೆ ನಾನು ಊಟದ ತಟ್ಟೆಯ ಮುಂದೆಯೂ ಹೆಸರುಗಳನ್ನೇ ಜಗಿಯತೊಡಗಿದೆ. ಶನಿವಾರ ಮಧ್ಯಾಹ್ನ ಡೈರಿಯಲ್ಲಿ ಒಂದು ಪುಟ ತುಂಬ ಬರೆದೆ. ಬದಲಿ ರಕ್ತ: ಕೆಟ್ಟುನಿಂತ ಬಸ್ಸಿನ ನೆನಪು ಬರುತ್ತದೆ. ಪರ್ಯಾಯ ರಕ್ತ: ಪಠ್ಯಪುಸ್ತಕದ ಮಾತು, ಸೀಮೆಸುಣ್ಣದ ಧೂಳು ಏಳುತ್ತದೆ. ಪುಡಿರಕ್ತ: ಅಂಗಡಿಯಲ್ಲಿ ಕೇಳಿದರೆ ಅರ್ಧ ಕಿಲೋ ಕಟ್ಟಿಕೊಡುತ್ತಾರೆ. ನೆರವಿನ ರಕ್ತ: ಪರವಾಗಿಲ್ಲ, ಸ್ವಲ್ಪ ಸಪ್ಪೆ, ಇದನ್ನೇ ಇಡೋಣ. ಇಷ್ಟು ಬರೆದ ಮೇಲೆ ಕೈ ತಾನಾಗಿ ಇನ್ನೊಂದನ್ನು ಬರೆದುಬಿಟ್ಟಿತು. ಹಂಗಾಮಿ ರಕ್ತ. ಅದರ ಕೆಳಗೆ ತಡೆಯಲಾಗದೆ ಇನ್ನಷ್ಟು: ‘ಕಾಯಂ ರಕ್ತ ಬರುವ ತನಕ ಚಾರ್ಜ್ ನೋಡಿಕೊಳ್ಳುತ್ತದೆ. ಕೆಲಸ ಪೂರ್ತಿ ಮಾಡುತ್ತದೆ. ಕಾಯಂನವರು ಬಂದ ದಿನ ತಕರಾರಿಲ್ಲದೆ ಕುರ್ಚಿ ಬಿಟ್ಟು ಹೋಗುತ್ತದೆ. ಹೆಸರು ಮಾತ್ರ ಬೋರ್ಡಿನಲ್ಲಿ ಬರುವುದಿಲ್ಲ.’

ಬರೆದು ಮುಗಿಸಿ ನೋಡಿದರೆ ಮಿಕ್ಕ ಯಾವ ಹೆಸರೂ ಇದರ ಹತ್ತಿರ ಸುಳಿಯುವಂತಿರಲಿಲ್ಲ. ಇದು ಎಂದಾದರೂ ಮಾವನ ಕಣ್ಣಿಗೆ ಬಿದ್ದರೆ ಎಂದು ನೆನೆದದ್ದೇ ಕೆಂಪು ಪೆನ್ನು ಎತ್ತಿಕೊಂಡೆ. ಆ ಹೆಸರು, ಅದರ ಕೆಳಗಿನ ಸಾಲುಗಳು, ಎಲ್ಲದರ ಸುತ್ತ ಒಂದು ಸುತ್ತು ಹಾಕಿದೆ. ಸಾಲದೆನಿಸಿ ಇನ್ನೊಂದು. ಅದರ ಮೇಲೆ ಮತ್ತೊಂದು. ಆಮೇಲೆ ಎದುರು ಪುಟದಲ್ಲಿ ‘ನೆರವಿನ ರಕ್ತ’ದ ಹೊಸ ಪತ್ರವನ್ನು ಬರೆದು, ಬೇಡದ್ದಕ್ಕೆ ಸುತ್ತು ಬಿದ್ದಿದೆಯಲ್ಲ ಎಂಬ ಧೈರ್ಯದಿಂದ ಡೈರಿ ಬಿಚ್ಚಿದ ಹಾಗೇ ಎರಡೂ ಪುಟದ ನೆರಳಚ್ಚು ತೆಗೆಸಿ, ಟೈಪಿಸ್ಟ್ ಅಕ್ಕನ ಮೇಜಿನ ಮೇಲಿಟ್ಟು ಬಂದೆ. ಅಕ್ಕ ಊಟಕ್ಕೆ ಹೋಗಿದ್ದಳು. ಇದ್ದಿದ್ದರೂ ನಾನು ಏನಾದರೂ ಹೇಳುತ್ತಿದ್ದೆ ಎಂಬ ಖಾತ್ರಿ ಇಲ್ಲ.

ಸೋಮವಾರ ಮಾವನ ಸ್ಕ್ಯಾನಿಗಾಗಿ ನಾನು ರಜೆ ಹಾಕಿದ್ದೆ. ಮಂಗಳವಾರ ಬೆಳಿಗ್ಗೆ ನನ್ನ ಕೋಣೆಯ ಬಾಗಿಲಲ್ಲಿ ದಾರ ಕಟ್ಟಿದ ಒಂದು ಗಂಟು ಕೂತಿತ್ತು. ಇನ್ನೂರು ಪತ್ರಗಳು. ಮೇಲಿನದರಲ್ಲಿ, ಬೆರಳು ದಪ್ಪದ ಅಕ್ಷರಗಳಲ್ಲಿ, ‘ಹಂಗಾಮಿ ರಕ್ತ’. ಅದರ ಕೆಳಗೆ ನಾನು ಸುತ್ತು ಹಾಕಿದ್ದ ಆ ನಾಲ್ಕು ಸಾಲು, ಆಮೇಲೆ ಹೊಸ ಪತ್ರದ ಮಿಕ್ಕ ಭಾಗ.

ನನ್ನ ಮೈಯಲ್ಲಿ ಆಗ ಕಾಯಂ, ಹಂಗಾಮಿ ಯಾವ ರಕ್ತವೂ ಉಳಿಯಲಿಲ್ಲ. ಟೈಪಿಸ್ಟ್ ಅಕ್ಕನ ಬಳಿ ಹೋಗಿ ನಿಂತೆ. ಅವಳು ಖುಷಿಯಿಂದ ಕುರ್ಚಿ ತಿರುಗಿಸಿದಳು. “ಎಷ್ಟೊಂದು ಹೆಸರು ಬರೆದು ಗೊಂದಲ ಮಾಡಿಟ್ಟಿದ್ದೆ ಮಾರಾಯ್ತಿ. ಪುಣ್ಯಕ್ಕೆ ಇದಕ್ಕೆ ಸುತ್ತು ಹಾಕಿದ್ದೆ, ಅದೂ ಮೂರು. ಸುತ್ತು ಹಾಕಿದ್ದು ಅಂದ್ರೆ ಇದೇ ಇರ್ಲಿ ಅಂತ ತಾನೆ?” ಹದಿನೇಳು ವರ್ಷದಿಂದ ಅವಳು ಟೈಪು ಮಾಡುತ್ತಿದ್ದಾಳೆ, ಅವಳ ಬಳಿ ಬರುವ ಡಾಕ್ಟರುಗಳೆಲ್ಲ ಬೇಕಾದ್ದಕ್ಕೆ ಸುತ್ತು ಹಾಕುತ್ತಾರೆ, ಬೇಡವಾದ್ದಕ್ಕೆ ಗೀಟು ಎಳೆಯುತ್ತಾರೆ. ನನ್ನ ಮಾವನ ಶಾಲೆಯಲ್ಲಿ ಅವಳು ಓದಿರಲಿಲ್ಲ, ಅಷ್ಟೇ. ಇಂಥ ಪತ್ರಗಳಿಗೆ ಒಪ್ಪಿಗೆ ಕೊಡುವ ಸೋಮವಾರದ ಸಮಿತಿಯಲ್ಲಿ ಏಳು ಜನ ಇದನ್ನು ಓದಿ, ‘ಸರಳವಾಗಿದೆ’ ಎಂದು ಬರೆದು ಮೊಹರು ಒತ್ತಿದ್ದರಂತೆ. ಇಷ್ಟು ಬೇಗ ಆ ಸಮಿತಿ ಬಾಗಿಲು ಮುಚ್ಚುವ ವಿಷಯವನ್ನೂ ಒಪ್ಪಿದ್ದಿಲ್ಲವಂತೆ. ಡಾಕ್ಟರಮ್ಮ ಬೆಳಿಗ್ಗೆಯೇ ಹತ್ತು ಪ್ರತಿ ಎತ್ತಿಕೊಂಡು ವಾರ್ಡಿಗೆ ಓಡಿದ್ದರು.

ನಾನೂ ಓಡಿದೆ. ಲಿಫ್ಟು ಮೂರನೆಯ ಮಹಡಿಯಲ್ಲಿ ಊಟದ ಗಾಡಿಯೊಂದನ್ನು ನುಂಗಲಾಗದೆ ಬಾಗಿಲು ತೆರೆಯುತ್ತ ಮುಚ್ಚುತ್ತ ಇತ್ತು. ಮೆಟ್ಟಿಲು ಹತ್ತಿದೆ. ಒದ್ದೆ ನೆಲ ಒರೆಸುತ್ತಿದ್ದಾಕೆ ಅಲ್ಲೇ ನಿಲ್ಲು ಎಂದು ಕೋಲು ಅಡ್ಡ ಹಿಡಿದಳು; ಬಾಯಿಂದ ಮಾತು ಹೊರಡದೆ ನಾನು ಕೈಮುಗಿದೆ. ಯಾರಿಗೋ ಏನೋ ಆಗಿದೆ ಎಂದುಕೊಂಡು ಅವಳು ದಾರಿ ಬಿಟ್ಟದ್ದಲ್ಲದೆ ನನ್ನ ಹಿಂದೆ ನಾಲ್ಕು ಹೆಜ್ಜೆ ಓಡಿಯೂ ಬಂದಳು. ಐದನೆಯ ಮಹಡಿಯ ತಿರುವಿನಲ್ಲಿ ಬಸ್ ಡ್ರೈವರು ಗಾಲಿಕುರ್ಚಿಯಲ್ಲಿ ಕೂತು ನನ್ನ ಪತ್ರ ಓದುತ್ತಿದ್ದ. ಪಕ್ಕದಲ್ಲಿದ್ದವನಿಗೆ, ಹಂಗಾದ್ರೆ ಇದು ಸ್ಪೇರ್ ಡ್ರೈವರ್ ಇದ್ದಂಗೆ, ನಾನು ರಜೆ ಹಾಕಿದಾಗ ಬರ್ತಾನಲ್ಲ ಅವನಂಗೆ ಎಂದು ಹೇಳುತ್ತಿದ್ದುದು ಕಿವಿಗೆ ಬಿತ್ತು. ನಿಂತು ಕೇಳಲು ನನಗೆ ಪುರುಸೊತ್ತಿರಲಿಲ್ಲ.

ಮಾವನ ಹಾಸಿಗೆ ಕಿಟಕಿಯ ಪಕ್ಕ. ಅತ್ತೆ ಅವರ ಕಾಲ ಬಳಿ ಕೂತಿದ್ದಳು, ಡಾಕ್ಟರಮ್ಮ ನಿಂತಿದ್ದರು. ಮಾವ ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿಕೊಂಡು ಪತ್ರವನ್ನು ಓದುತ್ತಿದ್ದರು. ಓದುವಾಗ ಅವರ ಬೆರಳು ಸಾಲಿನ ಜೊತೆ ಚಲಿಸುತ್ತದೆ. ಬೆರಳು ಬೋರ್ಡಿನ ಸಾಲಿಗೆ ಬಂದು ನಿಂತಿತು. ಅತ್ತೆ ನನ್ನನ್ನು ನೋಡಿದ ನೋಟದಲ್ಲಿ, ಮನೆ ಮುರಿದೆಯಲ್ಲೇ ಎಂಬುದೊಂದು ಬಿಟ್ಟು ಬೇರೆ ಏನೂ ಇರಲಿಲ್ಲ.

“ಯಾರು ಬರೆದಿದ್ದು ಇದು?” ಎಂದು ಮಾವ ಕೇಳಿದರು. ಕೇಳಿದ್ದು ಡಾಕ್ಟರಮ್ಮನನ್ನು.

“ನಾನು,” ಎಂದೆ. ಆ ಮಾತು ಎರಡನೆಯ ಬೆಂಚು ದಾಟಿ, ಬಾಗಿಲ ಬಳಿಯ ಹಾಸಿಗೆಯವರೂ ತಿರುಗುವಷ್ಟು ಜೋರಾಗಿ ಬಂತು. ಎಲ್ಲರಿಗಿಂತ ಹೆಚ್ಚು ಬೆಚ್ಚಿದ್ದು ನಾನೇ. ಆಮೇಲೆ ಮಾತು ನಿಲ್ಲಲೇ ಇಲ್ಲ. ಇದನ್ನು ಕಳಿಸಬೇಕೆಂದು ಬರೆದದ್ದಲ್ಲ, ಡೈರಿಯಲ್ಲಿ ಬರೆದದ್ದು, ಬರೆದ ಕೂಡಲೇ ಸುತ್ತು ಹಾಕಿದ್ದೆ, ಮೂರು ಸುತ್ತು, ಟೈಪಿಸ್ಟ್ ಅಕ್ಕನಿಗೆ ನಮ್ಮ ಸುತ್ತು ಗೊತ್ತಿಲ್ಲ ಎಂದು ಒಂದೇ ಉಸಿರಿಗೆ ಹೇಳಿದೆ. ಡಾಕ್ಟರಮ್ಮನಿಗೆ ಒಂದು ಅಕ್ಷರವೂ ತಿಳಿಯಲಿಲ್ಲ.

“ಮೂರು ಸುತ್ತು ಯಾಕೆ?” ಮಾವ ಕೇಳಿದರು. “ನಾನು ಒಂದೇ ತಾನೆ ಹಾಕ್ತಿದ್ದಿದ್ದು.”

“ನಿಮಗೆ ನೋವಾಗುತ್ತೆ ಅಂತ.”

ಮಾವ ಕನ್ನಡಕ ತೆಗೆದು ಹೊದಿಕೆಯ ಮೇಲಿಟ್ಟರು. ಅತ್ತೆ ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತಿದ್ದಳು.

“ನೋಡು ಪಿಸು,” ಎಂದರು. “ಹತ್ತೊಂಬತ್ತು ವರ್ಷ ಆ ಕೆಲಸ ಮಾಡಿದ್ದೀನಿ. ಚೆನ್ನಾಗೇ ಮಾಡಿದ್ದೀನಿ. ನೀವೆಲ್ಲ ಸೇರಿ ಆ ಪದಾನ ಬಾಯಿಗೇ ತರಲ್ಲ, ನಾನೇನೋ ಅಷ್ಟೂ ವರ್ಷ ಜೈಲಲ್ಲಿದ್ದು ಬಂದ ಹಾಗೆ. ಅವತ್ತು ನಿಮ್ಮಮ್ಮ ಹತ್ತು ಗಂಟೆಗೆ ಊಟಕ್ಕೆ ಎಬ್ಬಿಸಿದ್ದು ನನಗೆ ತಿಳೀಲಿಲ್ಲ ಅಂದ್ಕೊಂಡ್ರಾ? ನಾನೂ ಪಾಪ ಅಂತ ಎದ್ದು ಬಂದು ಉಂಡೆ.”

ಅತ್ತೆ ಬಾಯಿಗೆ ಸೆರಗು ಒತ್ತಿಕೊಂಡಳು. ಅಳುತ್ತಾಳೆ ಎಂದುಕೊಂಡೆ. ಅವಳ ಭುಜ ಕುಣಿಯುತ್ತಿತ್ತು, ಅದು ನಗು.

ಮಾವ ಈಗ ಡಾಕ್ಟರಮ್ಮನ ಕಡೆ ತಿರುಗಿ, ಹಾಸಿಗೆಯ ಮೇಲೆಯೇ ಬೆನ್ನು ನೆಟ್ಟಗೆ ಮಾಡಿ ಕೂತರು. ಹೊಸ ಮೇಷ್ಟ್ರನ್ನು ಕೂರಿಸಿಕೊಂಡು ಪ್ರಶ್ನೆ ಕೇಳುವ ಭಂಗಿ ಅದು, ನನಗೆ ಗೊತ್ತು. ಈ ಹಂಗಾಮಿಗೆ ಏನೇನು ಅಧಿಕಾರ ಇಲ್ಲ, ಮೊದಲು ಅದನ್ನು ಹೇಳಿ ಎಂದರು. ಡಾಕ್ಟರಮ್ಮ ಬೆರಳು ಮಡಿಸುತ್ತ ಹೇಳಿದರು: ಗಾಯದ ರಕ್ತ ಹೆಪ್ಪುಗಟ್ಟಿಸಲಾರದು, ರೋಗಾಣುಗಳ ಜೊತೆ ಹೋರಾಡಲಾರದು. ಅದು ನಿಮ್ಮ ಸ್ವಂತ ರಕ್ತದ್ದೇ ಕೆಲಸ.

“ರಜೆ ಮಂಜೂರು ಮಾಡೋ ಅಧಿಕಾರ ನನಗೂ ಇರಲಿಲ್ಲ,” ಎಂದರು ಮಾವ. “ಮುಂದೆ ಹೇಳಿ. ಇದು ಬಂದ ಮೇಲೆ ಗಲಾಟೆ ಏನಾದ್ರೂ?”

ರಕ್ತದ ಒತ್ತಡ ಸ್ವಲ್ಪ ಏರಬಹುದು, ನಾವು ಪಕ್ಕದಲ್ಲೇ ಕೂತು ನೋಡಿಕೊಳ್ಳುತ್ತೇವೆ ಎಂದರು ಡಾಕ್ಟರಮ್ಮ. ಎರಡು ದಿನ ಕಣ್ಣು, ಚರ್ಮ ಸ್ವಲ್ಪ ಹಳದಿಯಾಗಬಹುದು. ನಮಗೆ ಗೊತ್ತಿಲ್ಲದ ತೊಂದರೆಯೂ ಇರಬಹುದು, ಇದು ಪರೀಕ್ಷೆ, ಸುಳ್ಳು ಹೇಳುವುದಿಲ್ಲ ಎಂದೂ ಸೇರಿಸಿದರು. ಮಾವ ತಲೆಯಾಡಿಸಿದರು. ನಾನು ಚಾರ್ಜ್ ತಗೊಂಡ ಮೊದಲ ವಾರ ಇಡೀ ಶಾಲೆಗೆ ಒತ್ತಡ ಏರಿತ್ತು ಎಂದರು. ಹಾಗಾದರೆ ಇದರ ಕೆಲಸ ಏನು, ಒಂದೇ ಮಾತಿನಲ್ಲಿ ಹೇಳಿ ಎಂದದ್ದಕ್ಕೆ ಡಾಕ್ಟರಮ್ಮ, ಕಾಯಂನವರು ಬರೋತನಕ ಮೈಯ ಮೂಲೆ ಮೂಲೆಗೂ ಉಸಿರು ಮುಟ್ಟಿಸೋದು ಎಂದರು.

“ಗಂಟೆ ಹೊಡೀತಾ ಇರಬೇಕು, ಪಾಠ ನಿಲ್ಲಬಾರದು,” ಎಂದರು ಮಾವ. “ಪೆನ್ನು ಕೊಡಿ.”

ಡಾಕ್ಟರಮ್ಮ ಒಪ್ಪಿಗೆ ಪತ್ರವನ್ನು ಮುಂದಿಟ್ಟರು. ಮಾವ ಮೊದಲು ನನ್ನ ಪತ್ರವನ್ನೇ ಎಳೆದುಕೊಂಡು, ‘ಅಮ್ಲಜನಕ’ ಎಂದು ಅಚ್ಚಾಗಿದ್ದ ಕಡೆ ಒಂದು ಸುತ್ತು ಹಾಕಿದರು, ಒಂದೇ ಸುತ್ತು. ತಲೆಯ ಮೇಲೆ ಹತ್ತಕ್ಕೆ ಎಂಟೂವರೆ ಎಂದು ಬರೆದರು. ಅರ್ಧ ಅಂಕ ನಿನ್ನ ಟೈಪಿಸ್ಟಿಗೆ, ಅವಳಿಗೆ ನಿನಗಿಂತ ಜಾಸ್ತಿ ಧೈರ್ಯ ಇದೆ ಎಂದರು. ಆಮೇಲೆ ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿದರು. ಹಾಕಿದ ಕೈ ಅಲ್ಲಿಗೇ ನಿಲ್ಲದೆ, ಹತ್ತೊಂಬತ್ತು ವರ್ಷದ ಅಭ್ಯಾಸದಲ್ಲಿ, ಸಹಿಯ ಕೆಳಗೆ ಚೆಂದದ ಅಕ್ಷರಗಳಲ್ಲಿ ‘ಹಂಗಾಮಿ ಮುಖ್ಯೋಪಾಧ್ಯಾಯರು’ ಎಂದೂ ಬರೆದುಬಿಟ್ಟಿತು.

ಎಲ್ಲರೂ ಆ ಕಾಗದದ ಮೇಲೆ ಬಾಗಿದೆವು. ಡಾಕ್ಟರಮ್ಮ, ಒಪ್ಪಿಗೆ ಪತ್ರದಲ್ಲಿ ಹೊಡೆದುಹಾಕುವ ಹಾಗಿಲ್ಲ, ಹೊಸ ಫಾರಂ ತರಬೇಕು ಎನ್ನಲು ಹೊರಟರು. ಮಾತು ಅರ್ಧಕ್ಕೇ ನಿಂತು ನಗು ಬಂತು. ಅತ್ತೆಯ ನಗು ಸೆರಗು ದಾಟಿತು. ಮಾವನ ನಗುವಿಗೆ ಮೇಲಿನ ಸಾಲು ಹಲ್ಲು ಸಡಿಲವಾಗಿ, ಅದನ್ನು ಬಾಯಲ್ಲೇ ಹಿಡಿದುಕೊಳ್ಳುವ ಗಡಿಬಿಡಿಯಲ್ಲಿ ಅವರು ಇನ್ನೂ ನಕ್ಕರು. ನಾನೂ ಮಂಚದ ಕಂಬಿ ಹಿಡಿದುಕೊಂಡು ನಕ್ಕೆ. ಹೊಸ ಫಾರಂ ಬಂತು. ಅದರಲ್ಲಿ ಸಹಿ ಹಾಕುವಾಗ ಮಾವನ ಮಣಿಕಟ್ಟನ್ನು ಅತ್ತೆ ಹಿಡಿದುಕೊಂಡಿದ್ದಳು. ಸಹಿ ಮುಗಿದ ಕ್ಷಣ ಪೆನ್ನನ್ನು ಕಿತ್ತುಕೊಂಡಳು.

ಗುರುವಾರ ಬೆಳಿಗ್ಗೆ ಎಂಟಕ್ಕೆ ಮಾವ ಒಳಗೆ ಹೋದರು. ಹಲ್ಲಿನ ಲೋಟ ನನ್ನ ಕೈಯಲ್ಲಿತ್ತು. ಬೆಂಚಿನ ಮೇಲೆ ಅತ್ತೆ, ಅಮ್ಮ, ನಾನು, ಲೋಟ ನಾಲ್ವರೂ ಕೂತೆವು. ಹತ್ತೂವರೆಗೆ ಸಿಸ್ಟರು ಬಾಗಿಲು ತೆರೆದು, ರಕ್ತ ಹೆಚ್ಚೇ ಹೋಗುತ್ತಿದೆ, ಪುಡಿಯ ಮೊದಲ ಚೀಲ ಹಾಕಿದ್ದೇವೆ ಎಂದು ಹೇಳಿ ಮಾಯವಾದಳು. ಅತ್ತೆ ನನ್ನ ಕೈ ಹಿಡಿದಳು. ಅವಳ ಅಂಗೈ ತಣ್ಣಗಿತ್ತು. ಲೋಟದೊಳಗೆ ಹಲ್ಲು ಸಣ್ಣಗೆ ಕಟಕಟ ಎನ್ನತೊಡಗಿತು; ನಡುಗುತ್ತಿದ್ದದ್ದು ನನ್ನ ಕೈ. ಅಮ್ಮ ಅದನ್ನು ನೋಡಿ, ಇದಕ್ಕೂ ಚಳಿಯಾಗ್ತಿದೆಯೇನೋ ಎಂದಳು. ಅಲ್ಲಿ ನಗಬಾರದಿತ್ತು. ಆದರೂ ಬಂದುಬಿಟ್ಟಿತು, ಮೂವರಿಗೂ, ಬೆಂಚು ಅಲ್ಲಾಡುವಷ್ಟು. ಎದುರಿಗೆ ಕೂತಿದ್ದ ಯಾರದೋ ಕಡೆಯವರು ಎದ್ದು ಬೇರೆ ಬೆಂಚಿಗೆ ಹೋದರು.

ಒಂದೂ ಕಾಲಿಗೆ ಡಾಕ್ಟರಮ್ಮ ಓಡುತ್ತ ಬಂದರು. ಓಡುವುದು ಅವರ ನಡಿಗೆಯೇ ಆದ್ದರಿಂದ ಮುಖ ಕಾಣುವ ತನಕ ಏನೂ ತಿಳಿಯಲಿಲ್ಲ. ಮುಖ ಕಂಡಿತು. ಗಡ್ಡೆ ಪೂರ್ತಿ ಬಂದಿದೆ, ನಿಮ್ಮ ಹಂಗಾಮಿ ಮೂರು ಚೀಲ ಕೆಲಸ ಮಾಡಿದೆ, ಉಸಿರು ಎಲ್ಲ ಕಡೆ ಸರಿಯಾಗಿ ಮುಟ್ಟುತ್ತಿದೆ ಎಂದರು. ಅತ್ತೆ ಡಾಕ್ಟರಮ್ಮನನ್ನು ತಬ್ಬಿಕೊಂಡಳು. ನಾನು ತಬ್ಬಿಕೊಳ್ಳುವುದು ಯಾರನ್ನೆಂದು ತಿಳಿಯದೆ ಲೋಟವನ್ನೇ ಎದೆಗೊತ್ತಿಕೊಂಡೆ. ಅರ್ಧ ನೀರು ಚೆಲ್ಲಿತು.

ಶುಕ್ರವಾರ ಮಾವ ಹಳದಿ ಕಣ್ಣಿನಿಂದ ಎಲ್ಲರನ್ನೂ ನೋಡಿದರು. ಒತ್ತಡ ಒಮ್ಮೆ ಏರಿ ಇಳಿಯಿತು. ಶನಿವಾರ ಬೆಳಿಗ್ಗೆಯ ವರದಿಯಲ್ಲಿ ಪುಡಿಯ ಲೆಕ್ಕ ತಳ ಮುಟ್ಟಿತ್ತು, ಅವರ ಸ್ವಂತ ಕಣಗಳು ರಕ್ತ ಹೆಚ್ಚಿಸುವ ಚುಚ್ಚುಮದ್ದಿನ ಬಲದಿಂದ ಏರಲು ಶುರುವಾಗಿದ್ದವು. ಅಪಾಯ ಕಳೆಯಿತು ಎಂದು ಡಾಕ್ಟರಮ್ಮ ಹೇಳಿ ಮುಗಿಸುವಷ್ಟರಲ್ಲಿ ಅವರ ಫೋನು ಬಡಿದುಕೊಂಡಿತು. ರಕ್ತನಿಧಿಯವರು. ತಿಂಗಳಿಂದ ಹುಡುಕುತ್ತಿದ್ದ, ಮಾವನಿಗೆ ಹೊಂದುವ ರಕ್ತದ ಒಂದು ಚೀಲ ಎಲ್ಲೋ ದೂರದಲ್ಲಿ ಸಿಕ್ಕಿ, ಈಗಷ್ಟೇ ಬಂದು ತಲುಪಿತ್ತು. ಡಾಕ್ಟರಮ್ಮ ಫೋನನ್ನು ಅಂಗೈಯಿಂದ ಮುಚ್ಚಿ ನಮಗೆ ಹೇಳಿದರು.

ಮಾವ ಗೋಡೆಯ ಗಡಿಯಾರ ನೋಡಿದರು. ಹನ್ನೊಂದು ಗಂಟೆ.

“ಬಂದ್ರಾ ಕಾಯಂನವರು,” ಎಂದರು. ಹೊಲಿಗೆ ಹಾಕಿದ ಪಕ್ಕೆಯನ್ನು ಎರಡೂ ಕೈಯಲ್ಲಿ ಒತ್ತಿಹಿಡಿದುಕೊಂಡು, ನಗಿಸಬೇಡಿ, ಯಾರೂ ನನ್ನನ್ನು ನಗಿಸಬೇಡಿ ಎಂದು ತಾವೇ ನಗುತ್ತಿದ್ದರು. ಆ ಚೀಲ ಫ್ರಿಜ್ಜಿನಲ್ಲಿ ಗೌರವವಾಗಿ ಕೂತಿರಲಿ ಎಂದು ತೀರ್ಮಾನವಾಯಿತು.

ನಗು ಇಳಿದ ಮೇಲೆ ಅವರು ತಲೆಯ ಮೇಲಿನ ಬಿಳಿ ಬೋರ್ಡನ್ನು ತೋರಿಸಿದರು. ಪ್ರತಿ ಹಾಸಿಗೆಗೂ ಒಂದಿದೆ. ವಯಸ್ಸು, ಡಾಕ್ಟರು, ಆಪರೇಷನ್ ತಾರೀಖು, ಕೊಟ್ಟ ರಕ್ತದ ಗುಂಪು ಎಂದು ಸಿಸ್ಟರು ಬರೆದಿಡುತ್ತಾಳೆ. ಪುಡಿಗೆ ಗುಂಪಿಲ್ಲವಾದ್ದರಿಂದ ಆ ಜಾಗವನ್ನು ಅವಳು ಖಾಲಿ ಬಿಟ್ಟಿದ್ದಳು.

“ಪಿಸು, ಅಲ್ಲಿ ಬರಿ,” ಎಂದರು ಮಾವ. “ಬರೆದು ಓದು. ಬಾಗಿಲ ತನಕ ಕೇಳಿಸಬೇಕು.”

ನಾನು ಕುರ್ಚಿ ಎಳೆದುಕೊಂಡು ಹತ್ತಿದೆ. ಸಿಸ್ಟರು ಪೆನ್ನು ಕೊಟ್ಟಳು, ಅದು ಕೆಂಪು ಪೆನ್ನೇ. ಬೋರ್ಡಿನ ಖಾಲಿ ಜಾಗದಲ್ಲಿ, ಮಾವ ಕಲಿಸಿದ ದುಂಡಗಿನ ಅಕ್ಷರಗಳಲ್ಲಿ ಬರೆದೆ. ಆಮೇಲೆ ತಿರುಗಿ ನಿಂತು, ಹದಿನಾರು ಹಾಸಿಗೆಗಳ ಆ ವಾರ್ಡಿಗೆ ಓದಿ ಹೇಳಿದೆ:

“ಹಂಗಾಮಿ ರಕ್ತ. ಗುರುವಾರದಿಂದ ಶನಿವಾರದವರೆಗೆ.”

ಬಾಗಿಲ ಬಳಿ ಗಾಲಿಕುರ್ಚಿಯಲ್ಲಿದ್ದ ಬಸ್ ಡ್ರೈವರು ಚಪ್ಪಾಳೆ ತಟ್ಟಿದ. ಅವನೂ ಸಹಿ ಹಾಕಿದ್ದ, ಅವನ ಆಪರೇಷನ್ ಸೋಮವಾರಕ್ಕಿತ್ತು. ಕುರ್ಚಿಯಿಂದ ಇಳಿಯುವ ಮೊದಲು ನಾನು ಇನ್ನೊಮ್ಮೆ ಬೋರ್ಡಿನ ಕಡೆ ತಿರುಗಿ, ಬರೆದದ್ದರ ಸುತ್ತ ಒಂದು ಸುತ್ತು ಹಾಕಿದೆ, ಟೈಪಿಸ್ಟ್ ಅಕ್ಕನ ಸುತ್ತು.